ತಮಟೆಯವರನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ

ಕೆಜಿಎಫ್ ಮತ್ತು ಬಂಗಾರಪೇಟೆಯಲ್ಲಿ ಹಾಕಿ ಟೂರ್ನಮೆಂಟ್ ಮತ್ತೆ ಶುರು ಮಾಡಲು ಹೊರಟಿರುವ ಹುಡುಗ ಹುಡುಗಿಯರಿಗೆ,

ಮೊನ್ನೆ ನಿಮ್ಮಲ್ಲಿ ಕೆಲವರು ಮನೆಗೆ ಬಂದು ಕೊಟ್ಟುಹೋದ ಆಹ್ವಾನ ಪತ್ರಿಕೆಯ ಕರಡು ಓದಿದೆ. ಚಂದಾ ಕೊಡುತ್ತೇನೆ, ಅದರಲ್ಲಿ ಅನುಮಾನ ಬೇಡ. ಟೆನಿಸ್ ಬಾಲ್ ಕ್ರಿಕೆಟ್ ಬಿಟ್ಟರೆ ಬೇರೇನೂ ಕಾಣದ ಈ ಕಾಲದಲ್ಲಿ ಸ್ಟಿಕ್ ಹಿಡಿಯುವ ಹುಡುಗರು ಒಂದು ಕಮಿಟಿ ಮಾಡುವಷ್ಟಾದರೂ ಉಳಿದಿದ್ದಾರಲ್ಲ, ಹಳೇ ಪಿ.ಟಿ. ಮೇಷ್ಟ್ರಿಗೆ ಅದಕ್ಕಿಂತ ಖುಷಿ ಇನ್ನೇನು ಬೇಕು. ಆದರೆ ಕರಡಿನಲ್ಲಿ ಒಂದು ಸಾಲಿದೆ: ‘ಬೆಳಗ್ಗೆ 9 ಗಂಟೆಗೆ ಜಾನಪದ ಕಲಾತಂಡಗಳಿಂದ ಗಣ್ಯರಿಗೆ ಸ್ವಾಗತ.’ ಬೆಂಗಳೂರಿನಿಂದ ಡೊಳ್ಳು, ವೀರಗಾಸೆ, ಎತ್ತರದ ಬೊಂಬೆಗಳನ್ನು ಕರೆಸುವ ಯೋಚನೆ ಇದೆಯಂತೆ. ನಮ್ಮ ಕಡೆಯದೂ ಇರಲಿ ಎಂದು ಗೇಟಿನ ಹತ್ತಿರ ನಾಲ್ಕು ಜನ ತಮಟೆಯವರು. ಈ ಪತ್ರ ಆ ಸಾಲಿನ ಬಗ್ಗೆ. ನಿಮ್ಮನ್ನೇ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ಇದು ನಿಮ್ಮೊಬ್ಬರ ರೂಢಿಯಲ್ಲ, ಕೋಲಾರ ಜಿಲ್ಲೆಯಲ್ಲಿ ಯಾವ ಆಟೋಟದ ಪತ್ರಿಕೆ ತೆಗೆದರೂ ಇದೇ ಸಾಲು ಇರುತ್ತದೆ. ಹಾಗಾಗಿ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ತಮಟೆ ಕಾಯಿಸುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಹಳೇ ಪೇಪರು, ಒಣಹುಲ್ಲು, ರಟ್ಟು, ಕೈಗೆ ಸಿಕ್ಕಿದ್ದನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಚರ್ಮದ ಮುಖವನ್ನು ಉರಿಗೆ ತೋರಿಸಿ, ಬಳೆಯನ್ನು ಕೈಯಲ್ಲೇ ತಿರುಗಿಸುತ್ತಾ ಹೋಗುತ್ತಾರೆ. ನಡುನಡುವೆ ಬೆರಳ ತುದಿಯಿಂದ ತಟ್ಟಿ ಕಿವಿ ಕೊಡುತ್ತಾರೆ. ಮೊದಲು ಬೊದಬೊದ ಎನ್ನುತ್ತಿದ್ದದ್ದು ಸ್ವಲ್ಪ ಸ್ವಲ್ಪವಾಗಿ ಬಿಗಿದುಕೊಂಡು ಟಣ್ ಎನ್ನುವ ಹದಕ್ಕೆ ಬರುತ್ತದೆ. ಉರಿ ಹೆಚ್ಚಾದರೆ ಚರ್ಮ ಸೀಳುತ್ತದೆ, ಕಮ್ಮಿಯಾದರೆ ದನಿ ಏಳುವುದಿಲ್ಲ. ಆಮೇಲೆ ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಣ್ಣ ಬಿದಿರ ಕಡ್ಡಿ. ಹದ ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಮಾಗಿಯ ಬೆಳಗಿನ ಚಳಿಯಲ್ಲಿ ಅದೂ ಇಲ್ಲ, ಮತ್ತೆ ಬೆಂಕಿ ಹಾಕಬೇಕು.

ಈಗ ಇದಕ್ಕೆ ಗಣ್ಯರ ಸಮಯಪ್ರಜ್ಞೆಯನ್ನು ಸೇರಿಸಿ ನೋಡಿ. ನಮ್ಮ ಕಡೆಯ ಒಂದು ಟೂರ್ನಮೆಂಟಿನಲ್ಲಿ, ಯಾವುದೆಂದು ಹೇಳುವುದಿಲ್ಲ, ಒಂಬತ್ತಕ್ಕೆ ಬರಬೇಕಾದವರು ಊಟದ ಹೊತ್ತಿಗೆ ಬಂದರು. ಕಾರು ಬಂತು, ಬಂತು ಎಂದು ಯಾರೋ ಕೂಗಿದಾಗಲೆಲ್ಲ ತಮಟೆಯವರು ಎದ್ದು ಕಾಯಿಸಿ ನಿಂತರು. ಕೊನೆಗೆ ಸುಡಲು ಪೇಪರೂ ಮುಗಿದು ಬಾಳೆಹಣ್ಣಿನ ಅಂಗಡಿಯಿಂದ ಒಣ ಎಲೆ ಕೇಳಿ ತಂದರು. ಕಾರು ನಿಜವಾಗಿ ಬಂದ ಮೇಲೆ ಬಾರಿಸಿದ್ದು ಗೇಟಿನಿಂದ ಶಾಮಿಯಾನದವರೆಗೆ, ಅಷ್ಟೇ. ಶಾಲು, ಹಾರ, ಮೈಸೂರು ಪೇಟ ವೇದಿಕೆಯ ಮೇಲಿದ್ದವರಿಗೆ. ಪಂದ್ಯ ಶುರುವಾದಾಗ ತಮಟೆಯವರು ಹೊರಗೆ ಬೈಕು ನಿಲ್ಲಿಸುವ ಜಾಗದಲ್ಲಿ ಕವರು ಕೊಡುವವರಿಗಾಗಿ ಕಾಯುತ್ತಾ ಕೂತಿದ್ದರು. ಒಳಗೆ ಗೋಲಾಯಿತು, ಜನ ಎದ್ದು ಕುಣಿದರು, ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದರು. ಮೈದಾನವೇ ಕುಣಿಯುವ ಆ ಹೊತ್ತಿನಲ್ಲಿ ತಮಟೆ ಗೇಟಿನ ಹೊರಗೆ ಗೋಣಿಚೀಲದೊಳಗಿತ್ತು. ನನ್ನ ತಕರಾರು ಇಷ್ಟೇ. ಕಲೆ ಬಂದದ್ದು ಆಟಕ್ಕಲ್ಲ, ಕಾರಿಗೆ.

ಹೀಗಾಗದೆ ನಡೆಯುವುದು ಸಾಧ್ಯವೇ ಎಂದು ಕೇಳಿದರೆ ದೂರ ಹೋಗಬೇಕಿಲ್ಲ, ಕೊಡಗಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ಹಿರಿಯರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಆ ವರ್ಷ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡಗಳು ಆಡಿ ಅದು ಗಿನ್ನೆಸ್ ದಾಖಲೆಗೆ ಸೇರಿತು. 2018ರ ಮಳೆಗಾಲದ ಭೂಕುಸಿತದ ನಂತರ ಒಂದು ವರ್ಷ, ಆಮೇಲೆ ಕೋವಿಡ್ ಕಾಲದಲ್ಲಿ ನಿಂತಿತ್ತು. 2023ರಲ್ಲಿ ಮತ್ತೆ ಎದ್ದಿತು. ಅಲ್ಲಿ ನಿಯಮ ಸರಳ: ಒಂದು ಒಕ್ಕದ, ಅಂದರೆ ಮನೆತನದ, ಹೆಸರು ಇಟ್ಟುಕೊಂಡವರು ಆ ಒಕ್ಕಕ್ಕೆ ಆಡಬೇಕು. ಒಲಿಂಪಿಯನ್ ಆದರೂ ಅಷ್ಟೆ, ಪಕ್ಕದಲ್ಲಿ ಅತ್ತೆಯೋ ಎಂಟನೇ ಕ್ಲಾಸಿನ ತಂಗಿಯೋ ಆಡುತ್ತಿರುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಅಂಥವರನ್ನು ದೇಶಕ್ಕೆ ಕೊಟ್ಟ ಜಿಲ್ಲೆ ಅದು. ಕಪ್ಪಿಗೆ ಆ ವರ್ಷ ಆತಿಥ್ಯ ವಹಿಸುವ ಕುಟುಂಬದ ಹೆಸರೇ ಇರುತ್ತದೆ.

ಆ ಮೈದಾನದಲ್ಲಿ ಸಂಸ್ಕೃತಿ ಎಂಬುದು ಬೇರೆ ಐಟಂ ಅಲ್ಲ. ಕುಪ್ಯ, ಚೇಲೆ, ಪೀಚೆಕತ್ತಿ ತೊಟ್ಟ ಹಿರಿಯರು ಮೆರವಣಿಗೆಯಲ್ಲಿ ಬರುತ್ತಾರೆ, ಕೋವಿಯಿಂದ ಗಾಳಿಗೆ ಗುಂಡು ಹಾರುತ್ತದೆ, ದುಡಿಕೊಟ್ಟ್‌ಪಾಟ್ ಹಾಡುತ್ತಾರೆ, ಹೆಂಗಸರು ಉಮ್ಮತ್ತಾಟ್ ಕುಣಿಯುತ್ತಾರೆ, ವಾಲಗ ಶುರುವಾದರೆ ಗ್ಯಾಲರಿಯಲ್ಲಿದ್ದವರೂ ಇಳಿದು ಹೆಜ್ಜೆ ಹಾಕುತ್ತಾರೆ. ಯಾರನ್ನೋ ಮೆಚ್ಚಿಸಲು ಕುಣಿಯುವುದಲ್ಲ ಅದು, ಮದುವೆ ಮನೆಯಲ್ಲಿ ಕುಣಿಯುವಂತೆ ತಮ್ಮದೇ ಖುಷಿಗೆ ಕುಣಿಯುವುದು. ಮಂತ್ರಿ ಬಂದರೆ ಅವರೂ ಒಬ್ಬ ನೆಂಟ. ಇದನ್ನು ನೋಡಿಯೇ ಆ ಜಿಲ್ಲೆಯ ಗೌಡ ಕುಟುಂಬಗಳು ಕ್ರಿಕೆಟ್ ಹಬ್ಬ ಶುರು ಮಾಡಿದವು, ಬೇರೆ ಸಮುದಾಯಗಳೂ ಅದೇ ದಾರಿ ಹಿಡಿದವು.

ಅಲ್ಲಿಂದ ಎಲ್ಲವನ್ನೂ ಎತ್ತಿಕೊಂಡು ಬನ್ನಿ ಎನ್ನುತ್ತಿಲ್ಲ. ಕೊಡಗಿನಲ್ಲಿ ದುಡಿ ಹಿಡಿಯುವವರು ಕೊಡವರೇ. ಆದರೆ ವಾಲಗ ಊದುವವರು, ಕೊಂಬು ಕೊಟ್ಟು ಬಾರಿಸುವವರು ಬಹುಪಾಲು ಮೇದ, ಕೆಂಬಟ್ಟಿ ಮೊದಲಾದ ಸಮುದಾಯಗಳವರು. ಪಂದ್ಯಾವಳಿ ಕೊಡವ ಒಕ್ಕಗಳದ್ದು, ಹಾಗಾಗಿ ಅವರ ಸಂಗೀತ ಮೈದಾನದಲ್ಲಿರುತ್ತದೆ, ತಂಡದ ಪಟ್ಟಿಯಲ್ಲಿ ಅವರ ಮನೆತನ ಇರುವುದಿಲ್ಲ. ಅದು ಅವರ ಕುಟುಂಬ ಹಬ್ಬ, ಅದರ ಕಟ್ಟುಪಾಡು ಅವರಿಗೆ ಬಿಟ್ಟದ್ದು, ನಾನು ದೂರುವುದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಆ ತೊಡಕು ನಿಮಗಿಲ್ಲ. ಕೆಜಿಎಫ್ ಚಿನ್ನದ ಗಣಿ ಕಾರ್ಮಿಕರ ಲೈನುಗಳಲ್ಲಿ ಬಾರಿಸುವವರ ಮನೆಯೂ ಆಡುವವರ ಮನೆಯೂ ಒಂದೇ ಗೋಡೆಗೆ ಒರಗಿವೆ. ಎಷ್ಟೋ ಕಡೆ ಒಂದೇ ಮನೆ.

ದೊಡ್ಡ ದುಡ್ಡಿನ ಹಾಕಿಯಲ್ಲಿ ಏನು ನಡೆಯುತ್ತದೆ ಎಂದೂ ನೋಡೋಣ, ಏಕೆಂದರೆ ನಿಮ್ಮಲ್ಲೊಬ್ಬರು ಮೊಬೈಲಿನಲ್ಲಿ ಕೆನಡಾದ ಐಸ್ ಹಾಕಿಯ ಚಿತ್ರ ತೋರಿಸಿ ‘ಸಾರ್, ಈ ಥರ ಮಾಡಬೇಕು’ ಎಂದಿದ್ದಿರಿ. ಅಲ್ಲಿನ ಎನ್‌ಎಚ್‌ಎಲ್ ಲೀಗಿನ ಹಲವು ತಂಡಗಳು ಈಗ ವರ್ಷಕ್ಕೊಂದು ರಾತ್ರಿ ಮೂಲನಿವಾಸಿಗಳ ಹಬ್ಬವೆಂದು ಇಡುತ್ತವೆ. ಅವರ ಕಲಾವಿದರು ಬರೆದ ಲಾಂಛನ 2023ರವರೆಗೆ ಆಟಗಾರರ ಜೆರ್ಸಿಯ ಮೇಲೂ ಬರುತ್ತಿತ್ತು, ಅವರ ಡ್ರಮ್ಮು ಹಾಡು ಇರುತ್ತವೆ. ನೋಡಲು ಚಂದ. ಅದರ ಹಿಂದೆ ಏನಿದೆ ಎಂಬುದನ್ನೂ ತಿಳಿದುಕೊಳ್ಳಿ. ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಗಳಿಂದ ಕಿತ್ತು ವಸತಿಶಾಲೆಗಳಿಗೆ ಹಾಕಿ, ಅವರ ಭಾಷೆ, ಕೂದಲು, ಹಾಡು ಎಲ್ಲವನ್ನೂ ಕತ್ತರಿಸಿದ ದೇಶ ಅದು. ಫ್ರೆಡ್ ಸಾಸಕಮೂಸ್ ಎಂಬ ಕ್ರೀ ಸಮುದಾಯದ ಹುಡುಗ ಹಾಕಿ ಕಲಿತದ್ದು ಅಂಥದೊಂದು ಶಾಲೆಯಲ್ಲಿ, ಅಲ್ಲಿನ ದೌರ್ಜನ್ಯವನ್ನು ಅನುಭವಿಸುತ್ತಲೇ. 1953–54ರ ಸೀಸನ್ನಿನಲ್ಲಿ ಶಿಕಾಗೊ ತಂಡಕ್ಕೆ 11 ಪಂದ್ಯ ಆಡಿದ. ಆ ಲೀಗಿನಲ್ಲಿ ಆಡಿದ ಮೊದಲ ಮೂಲನಿವಾಸಿಗಳಲ್ಲಿ ಒಬ್ಬ. ಆ ತಂಡದ ಲಾಂಛನ ಆಗಲೂ ಈಗಲೂ ಗರಿ ಸಿಕ್ಕಿಸಿದ ಮೂಲನಿವಾಸಿಯ ತಲೆ. ತಲೆಯ ಚಿತ್ರ ಅಂಗಿಯ ಮೇಲೆ, ಆ ಜನರು ಮಾತ್ರ ಮೈದಾನದಲ್ಲಿ ಅಪರೂಪ. 2015ರಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗ ಕೊಟ್ಟ 94 ಶಿಫಾರಸುಗಳಲ್ಲಿ ಐದು ಕ್ರೀಡೆಯ ಬಗ್ಗೆಯೇ ಇದ್ದವು. ಅದರಲ್ಲೊಂದು ಮೂಲನಿವಾಸಿ ಆಟಗಾರರ ಚರಿತ್ರೆಯನ್ನು ಜನರಿಗೆ ಹೇಳಬೇಕೆಂಬುದು.

ಅಲ್ಲಿಂದ ತೆಗೆದುಕೊಳ್ಳುವಂಥವು ಎರಡಿವೆ. 2020ರ ಡಿಸೆಂಬರಿನಲ್ಲಿ ವ್ಯಾಂಕೂವರ್ ತಂಡದ ಗೋಲಿ ಬ್ರೇಡನ್ ಹೋಲ್ಟ್‌ಬಿ ತೊಡಲಿದ್ದ ಹೊಸ ಮುಖಕವಚದ ಚಿತ್ರ ಹೊರಬಂತು. ಅದರ ಮೇಲೆ ಆ ಕರಾವಳಿಯ ಮೂಲನಿವಾಸಿಗಳ ಶೈಲಿಯ ಗುಡುಗುಹಕ್ಕಿ. ಬರೆದದ್ದು ಸ್ವೀಡನ್ನಿನ ಚಿತ್ರಕಾರ. ನಮ್ಮ ಮನೆತನದ ಗುರುತನ್ನು ನಮ್ಮನ್ನು ಕೇಳದೆ ಬಳಸಿದ್ದೇಕೆ ಎಂದು ಜನ ಕೇಳಿದರು. ಆತ ಕ್ಷಮೆ ಕೇಳಿ ಅದನ್ನು ತೆಗೆದಿಟ್ಟ, ಆಮೇಲೆ ಆ ಕರಾವಳಿಯವರೇ ಆದ ಶಿಲ್ಪಿ ಲೂಕ್ ಮಾರ್ಸ್ಟನ್ ಅವರ ಕೈಯಲ್ಲಿ ಬೇರೆ ಮಾಡಿಸಿಕೊಂಡ. ಇನ್ನೊಂದು 2019ರ ಮಾರ್ಚ್ ಸಂಗತಿ. ಮಾಂಟ್ರಿಯಲ್ ಮತ್ತು ಕ್ಯಾರೊಲಿನಾ ನಡುವಿನ ಪಂದ್ಯದ ವೀಕ್ಷಕ ವಿವರಣೆಯನ್ನು ಮೂಲನಿವಾಸಿಗಳ ಟಿವಿ ವಾಹಿನಿ ಪೂರ್ತಿ ಕ್ರೀ ಭಾಷೆಯಲ್ಲಿ ಪ್ರಸಾರ ಮಾಡಿತು. ಎನ್‌ಎಚ್‌ಎಲ್ ಪಂದ್ಯಕ್ಕೆ ಆ ಭಾಷೆ ಬಂದದ್ದು ಅದೇ ಮೊದಲು. ಜೆರ್ಸಿಯ ಮೇಲಿನ ಚಿತ್ರಕ್ಕಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಚಿತ್ರ ಒಂದು ರಾತ್ರಿಯ ಅಲಂಕಾರ ಆಗಿಬಿಡಬಹುದು. ವಿವರಣೆ ಹಾಗಲ್ಲ, ಆಫ್‌ಸೈಡಿನಿಂದ ಗೋಲಿನವರೆಗೆ ಆಟದ ಒಂದೊಂದು ಕ್ಷಣವನ್ನೂ ಆ ಭಾಷೆ ಹಿಡಿಯಲೇಬೇಕು.

ನಮ್ಮ ದೇಶದ ಹಾಕಿಗೂ ಆದಿವಾಸಿಗಳಿಗೂ ಇರುವ ನಂಟೂ ಹಳೆಯದು, ಆಳದ್ದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಭಾರತ ಮೊದಲ ಚಿನ್ನ ಗೆದ್ದಾಗ ನಾಯಕರಾಗಿ ಹೋಗಿದ್ದವರು ಜೈಪಾಲ್ ಸಿಂಗ್ ಮುಂಡಾ. ಮುಂದೆ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದವರೂ ಅವರೇ. ಒಡಿಶಾದ ಸುಂದರ್‌ಗಢ ಜಿಲ್ಲೆಯ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಆಡು ಬಹುಮಾನ ಕೊಡುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಅದೇ ಜಿಲ್ಲೆಯಿಂದ ಬಂದವರು ಮೂರು ಒಲಿಂಪಿಕ್ಸ್ ಆಡಿದ ದಿಲೀಪ್ ತಿರ್ಕಿ. (ನಿಮ್ಮ ಟ್ರೋಫಿಗೆ ದುಡ್ಡು ಸಾಲದಿದ್ದರೆ ಆಡಿನ ಯೋಚನೆ ಕೆಟ್ಟದ್ದೇನಲ್ಲ. ಟ್ರೋಫಿಯನ್ನು ಶೋಕೇಸಿನಲ್ಲಿ ಇಡಬೇಕು, ಆಡಾದರೆ ಅದೇ ರಾತ್ರಿ ಎರಡೂ ತಂಡ ಒಟ್ಟಿಗೆ ಕೂತು ಮುಗಿಸಬಹುದು.) 2023ರ ವಿಶ್ವಕಪ್ಪಿಗೆ ರೂರ್ಕೆಲಾದಲ್ಲಿ ಕಟ್ಟಿದ ಕ್ರೀಡಾಂಗಣಕ್ಕೆ ಬಿರ್ಸಾ ಮುಂಡಾ ಹೆಸರು. 2017ರ ನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಕೊನೆಯಲ್ಲಿ ಮತ್ತೆ ಶುರುವಾದಾಗ ಗಂಡಸರ ಪಂದ್ಯಗಳು ಅಲ್ಲಿ ನಡೆದವು. ಮೊದಲ ಬಾರಿಗೆ ನಡೆದ ಹೆಂಗಸರ ಲೀಗ್ ರಾಂಚಿಯಲ್ಲಿ, ಜೈಪಾಲ್ ಸಿಂಗ್ ಹೆಸರಿನ ಮೈದಾನದಲ್ಲಿ. ಹೆಸರಿಡುವುದು ಒಳ್ಳೆಯದೇ. ಆದರೆ ಆ ಹೆಸರುಗಳಿಗೆ ತೂಕ ಬಂದದ್ದು ಆ ಹಳ್ಳಿಗಳ ಹುಡುಗ ಹುಡುಗಿಯರು ಒಳಗೆ ಸ್ಟಿಕ್ ಹಿಡಿದು ನಿಂತದ್ದರಿಂದ.

ಇನ್ನು ನಮ್ಮ ಊರಿಗೆ ಬರೋಣ. ಇಲ್ಲಿ ಮೂಲದವರು ಯಾರು ಎಂಬ ಪ್ರಶ್ನೆಗೆ ನೆಟ್ಟಗಿನ ಉತ್ತರವಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ, ಧರ್ಮಪುರಿ ಕಡೆಗಳಿಂದ ಬಂದವರು, ಬಹುಪಾಲು ದಲಿತರು, ತಟ್ಟಿ ಗುಡಿಸಲು ಹಾಕಿಕೊಂಡು ನೆಲದೊಳಗೆ ಇಳಿದರು. ಮೂರು ಕಿಲೋಮೀಟರಿಗೂ ಆಳ. ಸುತ್ತಲಿನ ಹಳ್ಳಿಗಳಲ್ಲಿ ತೆಲುಗು, ಕನ್ನಡ ಎರಡೂ ಆಡುವ ನಮ್ಮ ಜನ. ಬೆಟ್ಟದ ಮೇಲಿನ ಬಂಗಲೆಗಳಲ್ಲಿ ಇಂಗ್ಲಿಷರು, ಅವರ ಪಕ್ಕದಲ್ಲಿ ಆಂಗ್ಲೋ ಇಂಡಿಯನ್ನರು. ಹಾಕಿ, ಫುಟ್‌ಬಾಲ್, ಟೆನಿಸ್ ಬಂದದ್ದು ಆ ಬಂಗಲೆಗಳಿಂದ. 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಬಂತು, ಗಣಿ ಬೆಳಗಿತು, ಕ್ಲಬ್ಬು ಬೆಳಗಿತು, ಲೈನುಗಳಿಗೆ ಬೆಳಕು ಬರಲು ಬಹಳ ಕಾಲ ಹಿಡಿಯಿತು. ಆದರೂ ಆಟ ಬೇಲಿ ದಾಟಿ ಲೈನಿಗೆ ಬಂತು. ಸ್ಟಿಕ್ ಇಲ್ಲದವರು ಡೊಂಕು ಕೊಂಬೆ ಕಡಿದುಕೊಂಡರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನವರ ಮೈಯಿಂದ ಆಟ ಹೋಗಲಿಲ್ಲ. ಹೋದದ್ದು ಆಡಲು ಇದ್ದ ಹೊತ್ತು.

ಅದೇ ಲೈನುಗಳಲ್ಲಿ ತಮಟೆ ಇತ್ತು, ಇದೆ. ಮಾರಿಕುಪ್ಪಂನವರು ಅದನ್ನು ಪರೈ ಎನ್ನುತ್ತಾರೆ, ಬಂಗಾರಪೇಟೆ ಸುತ್ತಲಿನ ಹಳ್ಳಿಯವರು ತಮಟೆ ಎನ್ನುತ್ತಾರೆ, ವರಸೆಗಳಲ್ಲಿ ಒಂದಿಷ್ಟು ವ್ಯತ್ಯಾಸ. ಯಾವುದು ಕನ್ನಡದ ಕಲೆ, ಯಾವುದು ತಮಿಳಿನದ್ದು ಎಂಬ ಜಗಳವನ್ನು ದಯವಿಟ್ಟು ಕಮಿಟಿಯೊಳಗೆ ಬಿಡಬೇಡಿ. ಕೋಲಾರ ಸೀಮೆಯ ಕರಗಕ್ಕೆ, ಕೇಳಿಕೆಗೆ, ಕೀಲುಕುದುರೆಗೆ, ಕೈವಾರ ತಾತಯ್ಯನವರ ತತ್ವಪದಕ್ಕೆ ಒಂದೇ ಭಾಷೆಯ ಬೇಲಿ ಹಾಕಲು ಹೋದವರು ಯಾರೂ ಗೆದ್ದಿಲ್ಲ. ಹಾಗೆಯೇ ‘ಕೆಜಿಎಫ್’ ಸಿನಿಮಾದ ಹಿನ್ನೆಲೆ ಸಂಗೀತದಲ್ಲಿ ತಂಡಗಳು ಮೈದಾನಕ್ಕೆ ಬರಲಿ ಎಂಬ ಸಲಹೆಯೂ ನಿಮ್ಮ ಪಟ್ಟಿಯಲ್ಲಿತ್ತು. ಊಟದ ವಿರಾಮದಲ್ಲಿ ಹಾಕಿಕೊಳ್ಳಿ, ಯಾರು ಬೇಡವೆಂದರು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬವನ್ನು ಆ ಸಿನಿಮಾ ಜಗತ್ತಿಗೆ ತೋರಿಸಿತು. ಅದರ ಕೆಳಗೆ ಬದುಕಿದವರು ಮಾತ್ರ ಅದರಲ್ಲಿ ತಮ್ಮ ಮನೆ ಹುಡುಕಿ ಸುಸ್ತಾದರು. 2024ರಲ್ಲಿ ಬಂದ ಪಾ. ರಂಜಿತ್ ಅವರ ‘ತಂಗಲಾನ್’ ಅವರ ಮನೆ ಬಾಗಿಲಿಗಾದರೂ ಹೋಯಿತು.

ಈಗ ಕಷ್ಟದ ಮಾತು. ತಮಟೆಯನ್ನು ಮೈದಾನದ ಒಳಗೆ ತನ್ನಿ ಎಂದು ಹೇಳುವುದು ಸುಲಭ, ಬಾರಿಸುವವರ ಮನೆಯಲ್ಲಿ ಅದರ ನೆನಪು ಅಷ್ಟು ಹಗುರವಲ್ಲ. ಊರಲ್ಲಿ ಸಾವಾದರೆ, ಜಾತ್ರೆಯಾದರೆ, ಏನನ್ನಾದರೂ ಸಾರಬೇಕಾದರೆ ದಲಿತ ಕೇರಿಯವರು ಬಂದು ಬಾರಿಸಲೇಬೇಕು ಎಂಬ ಬಿಟ್ಟಿ ಚಾಕರಿ ನಮ್ಮ ಹಳ್ಳಿಗಳಲ್ಲಿ ಇತ್ತು. ಬಾರಿಸುವುದಿಲ್ಲ ಎಂದವರ ಮೇಲೆ ಬಹಿಷ್ಕಾರ ಬಿದ್ದಿದೆ. ಆ ಚಾಕರಿ ಬಿಡಿಸಿಕೊಂಡು ಬರಲೆಂದೇ ಎಷ್ಟೋ ಜನ ಗಣಿಗೆ ಬಂದರು. ಅಯೋತ್ತಿದಾಸ ಪಂಡಿತರ ಬೌದ್ಧ ಚಳವಳಿಗೆ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಕೆಜಿಎಫ್‌ನಲ್ಲಿ ಬೇರು ಸಿಕ್ಕಿದ್ದು, ಅಂಬೇಡ್ಕರರ ಮಾತು ಇಲ್ಲಿನ ಪ್ರತಿ ಲೈನಿಗೂ ತಲುಪಿದ್ದು ಸುಮ್ಮನೆ ಅಲ್ಲ. ಹಾಗಾಗಿ ನೀವು ಒಂದು ಮನೆಗೆ ಹೋಗಿ ‘ಅಣ್ಣಾ, ಟೂರ್ನಮೆಂಟಿಗೆ ಬಾರಿಸಬೇಕು’ ಎಂದಾಗ ಅವರ ಮಗನೋ ಮಗಳೋ ‘ನಮ್ಮಪ್ಪ ಬಾರಿಸಿದ್ದು ಸಾಕು, ನೀವೇ ಬಾರಿಸಿಕೊಳ್ಳಿ’ ಎಂದು ಮುಖಕ್ಕೆ ಹೇಳಿದರೆ, ಜಾನಪದ ಉಳಿಸುವ ಭಾಷಣ ಮಾಡಬೇಡಿ. ನಮಸ್ಕಾರ ಹೇಳಿ ಎದ್ದು ಬನ್ನಿ. ಬೇಡ ಎನ್ನುವುದೂ ಅವರು ಕಷ್ಟಪಟ್ಟು ಗಳಿಸಿದ ಹಕ್ಕು.

ಇನ್ನೊಂದು ಕಡೆ, ಅದೇ ವಾದ್ಯವನ್ನು ಎದೆಯೆತ್ತಿ ಬಾರಿಸುವವರೂ ಇದೇ ಸೀಮೆಯಲ್ಲಿದ್ದಾರೆ. ದಲಿತ ಸಂಘರ್ಷ ಸಮಿತಿಯ ಹೋರಾಟದ ದಿನಗಳಿಂದ ತಮಟೆ ಮೆರವಣಿಗೆಯ ಮುಂದೆ ನಡೆದಿದೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹಾಡು, ನಾಟಕ, ತಮಟೆ ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. 2007ರವರೆಗೆ ನಮ್ಮ ಜಿಲ್ಲೆಯದೇ ಭಾಗವಾಗಿದ್ದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ತಮಟೆಯನ್ನೇ ಬಾಳಾಗಿ ಮಾಡಿಕೊಂಡವರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2023ರಲ್ಲಿ ಪದ್ಮಶ್ರೀ. ಅದೇ ವರ್ಷ ಪದ್ಮಶ್ರೀ ಬಂದ ಇನ್ನೊಬ್ಬರು ಯಾರು ಗೊತ್ತೇ? ಕೊಡಗಿನ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯ. ಉಮ್ಮತ್ತಾಟ್‌ಗೆ ಹಾಕಿ ಮೈದಾನದೊಳಗೆ ಜಾಗ ಸಿಕ್ಕಿ ಬಹಳ ಕಾಲವಾಯಿತು. ತಮಟೆ ಇನ್ನೂ ಗೇಟಿನಲ್ಲೇ ನಿಂತಿದೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ನನಗೆ ತೋಚಿದ್ದನ್ನು ಹೇಳುತ್ತೇನೆ, ಬಿಡುವುದು ಹಿಡಿಯುವುದು ನಿಮಗೆ ಸೇರಿದ್ದು.

ಮೊದಲು ತಂಡಗಳ ವಿಚಾರ. ‘ಓಪನ್ ಟೂರ್ನಮೆಂಟ್’ ಎಂದು ಹಾಕಿದರೆ ಬೆಂಗಳೂರಿನ ಅಕಾಡೆಮಿ ತಂಡಗಳು ಬಂದು ಗೆದ್ದು ಕಪ್ ತೆಗೆದುಕೊಂಡು ಸಂಜೆ ರೈಲಿಗೆ ಹೋಗುತ್ತವೆ, ನಮ್ಮವರು ಕುರ್ಚಿ ಎತ್ತಿಡುತ್ತಾರೆ. ಕೊಡವರಿಗೆ ಒಕ್ಕ ಇದ್ದ ಹಾಗೆ ಕೆಜಿಎಫ್‌ಗೆ ಲೈನು ಇದೆ. ಚಾಂಪಿಯನ್ ರೀಫ್, ಊರಿಗಾಂ, ಕೊರಮಂಡಲ್, ಮಾರಿಕುಪ್ಪಂ, ನಂದಿದುರ್ಗ ಗಣಿ, ಬಾಲಘಾಟ್, ಒಂದೊಂದು ಕಡೆಯ ಲೈನುಗಳಿಗೂ ಒಂದು ತಂಡವಾಗಲಿ. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಗೆ ಒಂದೊಂದು, ಬೆಮೆಲ್ ನಗರಕ್ಕೆ ಒಂದು, ಬಂಗಾರಪೇಟೆಗೆ ರೈಲ್ವೆ ಕಾಲೊನಿಯದ್ದೊಂದು, ಪೇಟೆಯದ್ದೊಂದು. ಕುಟುಂಬ ಬೆಂಗಳೂರಿಗೋ ಆಸ್ಟ್ರೇಲಿಯಾಕ್ಕೋ ಹೋಗಿ ನೆಲೆಸಿದ್ದರೂ ಅಜ್ಜ ಯಾವ ಲೈನಿನಲ್ಲಿದ್ದರೋ ಆ ಲೈನಿಗೆ ಆಡಲಿ. ಆಂಗ್ಲೋ ಇಂಡಿಯನ್ ಮನೆಗಳ ಮೊಮ್ಮಕ್ಕಳು ಇದ್ದರೆ ಅವರಿಗೂ ಹೇಳಿ ಕಳಿಸಿ. ಹನ್ನೊಂದರಲ್ಲಿ ಹೆಣ್ಣುಮಕ್ಕಳು ಕಡ್ಡಾಯ. ಕಪ್ಪಿಗೆ ದಾನಿಗಳ ಹೆಸರು ಬೇಡ, ಆ ವರ್ಷ ಊಟ ನೀರು ನೋಡಿಕೊಳ್ಳುವ ಲೈನಿನ ಹೆಸರಿರಲಿ.

ತಮಟೆಯವರು ಕೂರುವ ಜಾಗ ಹಾಫ್‌ಲೈನಿನ ಎದುರು, ತಂಡಗಳ ಬೆಂಚಿನ ಪಕ್ಕ. ಅಲ್ಲೇ ಕಾಯಿಸಿಕೊಳ್ಳಲು ಸಣ್ಣ ಒಲೆ, ಸೌದೆ, ಮೇಲೊಂದು ನೆರಳು. ಪ್ರತಿ ಲೈನು ತನ್ನ ತಂಡದ ಜೊತೆ ತನ್ನ ಬಾರಿಸುವವರನ್ನು ತರಲಿ, ಇಷ್ಟವಿದ್ದವರು ಮಾತ್ರ. ಪೆನಾಲ್ಟಿ ಕಾರ್ನರ್‌ಗೆ ಒಂದು ವರಸೆ, ಗೋಲಿಗೆ ಒಂದು ವರಸೆ ಅವರೇ ಕಟ್ಟಿಕೊಳ್ಳುತ್ತಾರೆ, ನೀವು ಹೇಳಿಕೊಡುವ ಅಗತ್ಯವಿಲ್ಲ. ಬುಲ್ಲಿ ಆಗುವ ಹೊತ್ತಿಗೆ ಮಾತ್ರ ನಿಲ್ಲಿಸಬೇಕು, ಅಂಪೈರ್ ಸೀಟಿ ಕೇಳಿಸಬೇಕಲ್ಲ. ಅಂಪೈರುಗಳು ಮೊದಲು ಗೊಣಗುತ್ತಾರೆ, ಎರಡನೇ ದಿನ ಅವರ ಕಾಲೇ ತಾಳ ಹಾಕುತ್ತಿರುತ್ತದೆ.

ವೀಕ್ಷಕ ವಿವರಣೆಗೆ ಟಿವಿಯವರ ಹಾಗೆ ಮಾತಾಡುವವರನ್ನು ಬಾಡಿಗೆಗೆ ತರಬೇಡಿ. ಕೆಜಿಎಫ್‌ನ ಮೈಕಿನಲ್ಲಿ ತಮಿಳು, ಕನ್ನಡ, ತೆಲುಗು, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬರುತ್ತವೆ, ಅದೇ ನಮ್ಮ ಕಾಮೆಂಟರಿ. ಕ್ರೀ ಭಾಷೆಯವರು ಹಾಕಿಯ ಮಾತುಗಳನ್ನು ತಮ್ಮಲ್ಲೇ ಹುಡುಕಿಕೊಂಡರು. ನೀವು ಹುಡುಕಬೇಕಿಲ್ಲ, ಲೈನಿನ ಮುದುಕರ ಬಾಯಲ್ಲಿ ಎಲ್ಲವೂ ಇವೆ. ಒಬ್ಬರನ್ನು ಮೈಕಿನ ಮುಂದೆ ಕೂರಿಸಿ, ಬೈಗುಳ ಬಂದಾಗ ಮೈಕ್ ಆಫ್ ಮಾಡಲು ಪಕ್ಕದಲ್ಲೊಬ್ಬ ಹುಡುಗನನ್ನು ಇಡಿ.

ದುಡ್ಡಿನ ಮಾತು ಕೊನೆಗೆ ತಳ್ಳಿದರೆ ಅದು ಮರೆತೇಹೋಗುತ್ತದೆ, ಆದ್ದರಿಂದ ಬಜೆಟ್ಟಿನ ಮೊದಲ ಸಾಲಾಗಲಿ. ಬಾರಿಸುವವರಲ್ಲಿ ಹೆಚ್ಚಿನವರು ವಾರವೆಲ್ಲ ನಸುಕಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗುವವರೇ: ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರೆ ಕೆಲಸ. ಅವರಿಗೆ ಭಾನುವಾರವೊಂದೇ ರಜೆ. ಆ ದಿನವನ್ನು ನಿಮಗೆ ಕೊಟ್ಟರೆ ಬೆಂಗಳೂರಿನ ಡೊಳ್ಳಿನ ತಂಡಕ್ಕೆ ಎಷ್ಟು ಕೊಡಲು ಒಪ್ಪಿದ್ದಿರೋ ಅಷ್ಟೇ ಇವರಿಗೂ ಕೊಡಬೇಕು. ಬಾರಿಸುವ ಮೊದಲೇ, ಲೆಕ್ಕ ಬರೆದು, ಕೈಗೆ. ಪತ್ರಿಕೆಯಲ್ಲಿ ಆಟಗಾರರ ಹೆಸರಿರುವ ಪುಟದಲ್ಲೇ ಅವರ ಹೆಸರು, ಅದೇ ಅಕ್ಷರದಲ್ಲಿ. ‘ಮತ್ತು ಕಲಾತಂಡ’ ಎಂದು ಬರೆದರೆ ನಾನು ಚಂದಾ ವಾಪಸ್ ಕೇಳುತ್ತೇನೆ. ಊಟವನ್ನೂ ಆಟಗಾರರ ಪಂಕ್ತಿಯಲ್ಲೇ ಹಾಕಿ.

ಗಣ್ಯರು ಬೇಡವೇ ಎಂದರೆ, ಬರಲಿ. ಅವರಿಗೆ ಸಮಯ ಕೊಡಬೇಡಿ, ಟಿಕೆಟ್ ಕೊಡಿ. ಪಂದ್ಯ ಒಂಬತ್ತಕ್ಕೆ ಶುರು, ಬಂದಾಗ ಬಂದು ಗ್ಯಾಲರಿಯಲ್ಲಿ ಕೂರಲಿ. ವೇದಿಕೆ, ದೀಪ ಬೆಳಗುವುದು, ಭಾಷಣ ಎಲ್ಲ ಬಿಟ್ಟರೆ ಶಾಮಿಯಾನದ ಬಾಡಿಗೆಯಲ್ಲೇ ಗೋಲಿಗಳಿಗೆ ಹೊಸ ಪ್ಯಾಡ್ ಬರುತ್ತವೆ. ಹಳೇ ಪ್ಯಾಡುಗಳ ಸ್ಥಿತಿ ನಾನು ನೋಡಿದ್ದೇನೆ, ಅದರಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ.

ಅಂಗಡಿಗಳ ವಿಚಾರದಲ್ಲಿ ನನಗಿರುವುದು ಒಂದೇ ಹಠ, ಬಂಗಾರಪೇಟೆಯ ಪಾನಿಪುರಿಯವರಿಗೆ ಜಾಗ ಇರಲೇಬೇಕು. ಬಣ್ಣವಿಲ್ಲದ ಆ ನೀರಿನ ಖಾರ ಹೊರಗಿನ ತಂಡದವರಿಗೆ ಮೊದಲ ತುತ್ತಿನಲ್ಲೇ ಗೊತ್ತಾಗಲಿ.

ಈ ಭಾನುವಾರ ಮಧ್ಯಾಹ್ನ ಬಿಡುವಿದ್ದವರು ಬನ್ನಿ, ಲೈನುಗಳಿಗೆ ಒಟ್ಟಿಗೆ ಹೋಗೋಣ. ಹೋಗುವಾಗ ಆಹ್ವಾನ ಪತ್ರಿಕೆ ತರಬೇಡಿ, ಇನ್ನೂ ಅಚ್ಚಿಗೂ ಕೊಡಬೇಡಿ. ಬಾರಿಸುವವರು ಯಾರು, ಆಡುವವರು ಯಾರು, ಬೇಡವೆನ್ನುವವರು ಯಾರು ಎಂದು ಕೇಳಿ ಬಂದ ಮೇಲೆ ಅದನ್ನು ಬರೆಯೋಣ. ಬಂಗಾರಪೇಟೆಯಿಂದ ಬರುವವರು ಸ್ಟೇಷನ್ನಿನ ಎರಡನೇ ಗೇಟಿನ ಹತ್ತಿರ ಸಿಗಿ, ಕೆಜಿಎಫ್‌ನವರು ಊರಿಗಾಂ ಸ್ಟೇಷನ್ನಿಗೆ ಬನ್ನಿ. ಬಿಸಿಲಿದೆ, ಟೋಪಿ ತನ್ನಿ.

ಇಂತಿ,
ನಿಮ್ಮ ಹಳೇ ಪಿ.ಟಿ. ಮೇಷ್ಟ್ರು,
ಬಂಗಾರಪೇಟೆ